ಯಾಕೆ ಅಂತ ಕೇಳುವ ಹಾಗಿಲ್ಲ

ಕಳೆದ ಡಿಸೆಂಬರಿನಲ್ಲಿ ಅಮ್ಮನ ಸಕ್ಕರೆ, ಬಿ.ಪಿ. ತೋರಿಸಲು ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕೂತಿದ್ದೆ. ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಎಡಗಡೆ ಕೋಣೆ ಗಂಡನದು, ಬಲಗಡೆಯದು ಹೆಂಗಸರ ಡಾಕ್ಟರಾದ ಹೆಂಡತಿಯದು. ನಡುವೆ ಒಂದೇ ಹಾಲು, ಒಂದೇ ಟಿ.ವಿ., ಒಂದೇ ಟೇಬಲ್ಲು. ಟೇಬಲ್ಲಿನ ಹಿಂದೆ ಇಪ್ಪತ್ತೆರಡರ ಆಸುಪಾಸಿನ ಒಬ್ಬ ಹುಡುಗ. ಔಷಧಿ ಕಲೆಸಿ ಬಾಟಲಿಗೆ ಹಾಕುವ ಕೆಲಸ ನಿಂತು ಎಷ್ಟೋ ಕಾಲವಾಗಿದ್ದರೂ ನಮ್ಮ ಊರಲ್ಲಿ ಇಂಥವರು ಇನ್ನೂ ಕಾಂಪೌಂಡರೇ. ಅವನ ಒಂದು ಕೈಯಲ್ಲಿ ಪೆನ್ನು, ಎದುರಿಗೆ ಉದ್ದನೆಯ ರಿಜಿಸ್ಟರು, ಇನ್ನೊಂದು ಕೈ ಬಂದವರ ಚೀಟಿ ಇಸಿದುಕೊಳ್ಳಲು. ಫೋನು ಹಿಡಿಯಲು ಮೂರನೇ ಕೈ ಇಲ್ಲ. ಹಾಗಾಗಿ ಸ್ಪೀಕರ್ ಆನ್.

"ಹಲೋ ಯಜಮಾನ್ರೇ, ನಾವು ದಾವಣಗೆರೆ ಡಾಕ್ಟ್ರ ಕಡೆಯೋರು. ನಿಮ್ ಸೊಸೇರಿಗೆ ನಾಳೆ ಹನ್ನೊಂದಕ್ಕೆ ಸ್ಕ್ಯಾನಿಂಗ್ ಐತೆ. ಎರಡು ಸಲ ತಪ್ಸಿದಾರೆ. ಈ ಸಲ ಗಂಡನ ರಿಪೋರ್ಟೂ ತರ್ಬೇಕಂತೆ, ಮರೀಬ್ಯಾಡ್ರಿ."

ಆ ಕಡೆಯಿಂದ ವಯಸ್ಸಾದವರ ದನಿ. "ಗಂಡನ ರಿಪೋರ್ಟಾ? ಅವಂದ್ಯಾತರ ರಿಪೋರ್ಟು?"

ಹಾಲಿನಲ್ಲಿ ಹರಿಹರ, ಜಗಳೂರು, ಭರಮಸಾಗರದಿಂದ ಬಂದ ಮೂವತ್ತೈದು ನಲವತ್ತು ಜನ ಇದ್ದರು. ಟಿ.ವಿ. ನೋಡುತ್ತಿದ್ದವರೂ ಒಂದು ಕ್ಷಣ ಟಿ.ವಿ. ನೋಡುವುದನ್ನು ಬಿಟ್ಟರು. ನನ್ನ ಎದುರಿನ ಬೆಂಚಿನ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದು ಡಾಕ್ಟ್ರು ಹೇಳ್ತಾರ್ರೀ" ಅಂದವನೇ ಹುಡುಗ ಫೋನು ಕಟ್ ಮಾಡಿ, ರಿಜಿಸ್ಟರಿನಲ್ಲಿ ಟಿಕ್ ಹಾಕಿ, ಮುಂದಿನ ನಂಬರು ಒತ್ತಿದ. ಆ ಮನೆಯಲ್ಲಿ ಆ ಸಂಜೆ ಏನು ಮಾತಾಯಿತೋ, ಆ ಸೊಸೆ ಎರಡು ಸಲ ಯಾಕೆ ತಪ್ಪಿಸಿದ್ದಳೋ ಅವನ ರಿಜಿಸ್ಟರಿನಲ್ಲಿ ಅದಕ್ಕೆ ಜಾಗ ಇರಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಯಾಕೆಂದರೆ ಆ ಹುಡುಗನ ಕೆಲಸವೇ ನನ್ನ ಕೆಲಸ. ಹನ್ನೆರಡು ವರ್ಷದಿಂದ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ಊರಿನ ಹೊರವಲಯದಲ್ಲಿ, ನಾಲ್ವರು ಡಾಕ್ಟರುಗಳ ಒಂದು ಕ್ಲಿನಿಕ್ಕಿನ ಮುಂದಿನ ಟೇಬಲ್ಲಿನಲ್ಲಿ ಕೂರುತ್ತೇನೆ. ಅಲ್ಲಿ ನನಗಿರುವ ಪದನಾಮ ಉದ್ದವಾಗಿದೆ, ಕತ್ತಿಗೆ ನೇತುಹಾಕಿದ ಕಾರ್ಡಿನಲ್ಲಿ ಎರಡು ಸಾಲು ಹಿಡಿಯುತ್ತದೆ. ಊರ ಲೆಕ್ಕದಲ್ಲಿ ನಾನೂ ಕಾಂಪೌಂಡರೇ.

ನನ್ನ ಕೆಲಸದಲ್ಲಿ ದೊಡ್ಡ ಪಾಲು ರೋಗಿಗಳಿಗೆ ಬರಬೇಕಾದ ತಾರೀಖು ನೆನಪಿಸುವುದು. ಈಗ ಬಹುಪಾಲು ಮೆಸೇಜು, ಆ್ಯಪು. ಆದರೂ ವಯಸ್ಸಾದವರಲ್ಲಿ ಅನೇಕರು ಕಾಗದವನ್ನೇ ಕೇಳುತ್ತಾರೆ. ಅದನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡರೆ ಮಾತ್ರ ಅವರಿಗೆ ಸಮಾಧಾನ. ಪ್ರತಿ ಶುಕ್ರವಾರ ಮಧ್ಯಾಹ್ನ ಊಟದ ಮೇಲೆ ಕೂತು ಆ ಕಾಗದಗಳನ್ನು ಮಡಚಿ ಕವರಿಗೆ ಹಾಕುತ್ತೇನೆ. ಕವರಿನ ಎಡ ಮೂಲೆಯಲ್ಲಿ ಕ್ಲಿನಿಕ್ಕಿನ ಹೆಸರಿಲ್ಲ, ಬರೀ ಬೀದಿ, ಊರು, ಪಿನ್ ಕೋಡ್. ಕ್ಯಾನ್ಸರಿನ ಡಾಕ್ಟರು, ಮನೋವೈದ್ಯರು ಕಾಗದ ಕಳಿಸಿದರೆ ಹೆಸರೇ ಅರ್ಧ ಗುಟ್ಟು ಹೇಳಿಬಿಡುತ್ತದಲ್ಲ, ಅದಕ್ಕೆ. ನಡುವೆ ಪಾರದರ್ಶಕ ಕಿಟಕಿ, ಅದರೊಳಗೆ ವಿಳಾಸ ಮಾತ್ರ ಕಾಣಬೇಕು. ಕಾಗದ ಹಾಕಿದ ಮೇಲೆ ಕವರನ್ನು ಮೇಜಿನ ಮೇಲೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಕೆಳಕ್ಕೊಮ್ಮೆ ಕುಟ್ಟಿ ನೋಡುತ್ತೇನೆ. ಒಳಗಿನ ಕಾಗದ ಜಾರಿ ಕಿಟಕಿಯಲ್ಲಿ ಮತ್ತೊಂದು ಸಾಲು ಇಣುಕಿದರೆ ಆ ಕವರು ಹೋಗುವಂತಿಲ್ಲ. ಅಂಚೆಯವರೂ ಹೀಗೆ ಕುಟ್ಟಿ ಪರೀಕ್ಷಿಸುವುದುಂಟು, ವಿಳಾಸ ಕಿಟಕಿಯಿಂದ ತಪ್ಪಿಹೋಗಬಾರದೆಂದು. ನಮ್ಮ ಕುಟ್ಟುವಿಕೆ ತಿರುವುಮುರುವು, ವಿಳಾಸ ಬಿಟ್ಟು ಬೇರೇನೂ ಬರಬಾರದೆಂದು. ಮನೆಯಲ್ಲಿ ರವೆ ಡಬ್ಬಿ ಕುಟ್ಟುವ ಕೈಗೆ ಈ ಕೆಲಸ ಬೇಗ ಒಗ್ಗಿತು.

ಮುಚ್ಚಿದ ಕವರೇ ಆಗಬೇಕೆಂಬ ಕಟ್ಟುಪಾಡೇನೂ ಅಲ್ಲಿಲ್ಲ. ಹಲ್ಲಿನ ಡಾಕ್ಟರುಗಳು ಇವತ್ತಿಗೂ ಬಣ್ಣದ ಕಾರ್ಡು ಕಳಿಸುತ್ತಾರೆ, ನಗುವ ಹಲ್ಲಿನ ಚಿತ್ರ ಬೇರೆ. ಎಷ್ಟೋ ಕಡೆ ಆರು ತಿಂಗಳ ಹಿಂದೆ ಬಂದಾಗಲೇ ರೋಗಿಯ ಕೈಯಲ್ಲೇ ಅದರ ಮೇಲೆ ವಿಳಾಸ ಬರೆಸಿ ಇಟ್ಟುಕೊಂಡಿರುತ್ತಾರೆ. ತನ್ನದೇ ಅಕ್ಷರದ ಕಾರ್ಡು ಮನೆಗೆ ಬಂದರೆ ಯಾರೂ ಎಸೆಯುವುದಿಲ್ಲವಂತೆ! ಇದು ತಪ್ಪಲ್ಲ. ಅಲ್ಲಿ ಹಿಪಾ ಎಂಬ ಕಾನೂನು ಬಂದದ್ದು 1996ರಲ್ಲಿ. ಅದರ ಖಾಸಗಿತನದ ನಿಯಮಗಳು ಜಾರಿಗೆ ಬಂದದ್ದು 2003ರ ಏಪ್ರಿಲಿನಲ್ಲಿ. ಆ ನಿಯಮಗಳ ಪ್ರಕಾರ ತಾರೀಖು ನೆನಪಿಸುವುದು ಚಿಕಿತ್ಸೆಯದೇ ಒಂದು ಭಾಗ, ಅದಕ್ಕೆ ಪ್ರತ್ಯೇಕ ಒಪ್ಪಿಗೆ ಪತ್ರ ಬೇಡ. ಕಾರ್ಡು ಹಾಕಬಹುದು, ಫೋನಿನಲ್ಲಿ ದನಿ ಬಿಟ್ಟು ಇಡಬಹುದು, ಮನೆಯವರ ಕೈಯಲ್ಲೂ ಹೇಳಿ ಕಳಿಸಬಹುದು. ಹೇಳುವುದು ಮಾತ್ರ ಎಷ್ಟು ಬೇಕೋ ಅಷ್ಟೇ ಇರಬೇಕು.

ನನಗೆ ಆ ಕಾನೂನಿನಲ್ಲಿ ಇಷ್ಟವಾದದ್ದು ಬೇರೊಂದು ಸಾಲು. ರೋಗಿ ಬಂದು "ನನಗೆ ಕಾರ್ಡು ಬೇಡ, ಮುಚ್ಚಿದ ಕವರಿನಲ್ಲಿ ಕಳಿಸಿ" ಅನ್ನಬಹುದು. "ಮನೆಗೆ ಬೇಡ, ಕೆಲಸದ ಜಾಗಕ್ಕೆ ಕಳಿಸಿ" ಅನ್ನಬಹುದು. "ಮನೆ ಫೋನಿಗೆ ಮಾಡಲೇಬೇಡಿ" ಅನ್ನಬಹುದು. ಆಗುವಂಥ ಮಾತಾದರೆ ಆಸ್ಪತ್ರೆ ನಡೆಸಿಕೊಡಲೇಬೇಕು. ನಡೆಸಿಕೊಡುವಾಗ ಯಾಕೆ ಅಂತ ಕಾರಣ ಕೇಳುವ ಹಾಗಿಲ್ಲ.

ಇದು ನನ್ನ ತಲೆಗೆ ಹೋಗಲು ಒಂದು ಪೆಟ್ಟು ಬೇಕಾಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ. ಅರವತ್ತರ ಒಬ್ಬ ಹೆಂಗಸು ಬಂದು, ನನ್ನ ಕಾಗದಗಳೆಲ್ಲ ತಂಗಿಯ ವಿಳಾಸಕ್ಕೆ ಹೋಗಲಿ ಅಂದಳು. ನಾನು ಹೊಸ ವಿಳಾಸ ಬರೆದುಕೊಳ್ಳುತ್ತಾ, ಮುಖದ ತುಂಬ ಅಕ್ಕರೆ ತುಂಬಿಕೊಂಡು, "ಯಾಕೆ, ಮನೆ ಬದಲಾಯಿಸಿದ್ರಾ?" ಅಂದೆ. ಅವಳ ಮುಖ ಕಲ್ಲಾಯಿತು. ಏನೂ ಹೇಳದೆ ಕುರ್ಚಿಯಲ್ಲಿ ಹೋಗಿ ಕೂತಳು. ಅವತ್ತು ಸಂಜೆ ನನ್ನ ಮೇಲಿನವಳು ಒಳಗೆ ಕರೆದು, ಗದರದೆ, ಆ ಸಾಲನ್ನು ಓದಿಸಿದಳು.

ದಾವಣಗೆರೆಯವಳಿಗೆ ಯಾಕೆ ಅಂತ ಕೇಳಬೇಡ ಅಂದರೆ ಉಸಿರಾಡಬೇಡ ಅಂದ ಹಾಗೆ. ನಮ್ಮಲ್ಲಿ ಯಾಕೆ ಅನ್ನುವುದು ಪ್ರಶ್ನೆಯಲ್ಲ, ಉಪಚಾರ. ಯಾಕವ್ವಾ ಸೊರಗಿದಿ? ಯಾಕ್ರೀ ಈ ಕಡೆ? ಯಾಕಣ್ಣಾ ಇಷ್ಟು ತಡ? ಕೇಳದಿದ್ದರೆ ನಮ್ಮನ್ನು ಅಷ್ಟು ಕಡೆಗಣಿಸಿದರಲ್ಲ ಅಂತ ಬೇಜಾರು ಮಾಡಿಕೊಳ್ಳುವ ಜನ ನಾವು. ಒಂದು ವಾರ ನನ್ನೊಳಗೇ ಜಗಳವಾಡಿದೆ. ಇಂಥ ಒಣ ದೇಶ, ಕೇಳಿದರೆ ಏನು ಗಂಟು ಹೋಗುತ್ತಿತ್ತು ಅಂತ. ಆಮೇಲೆ ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ಚಿಕ್ಕಪ್ಪನ ಕಾರ್ಡು ನೆನಪಾಯಿತು.

1984. ನನಗೆ ಎಂಟು ವರ್ಷ. ಅಪ್ಪ, ಚಿಕ್ಕಪ್ಪ ಇಬ್ಬರೂ ಹತ್ತಿಯ ಮಿಲ್ಲಿನಲ್ಲಿದ್ದರು. ಚಿಕ್ಕಪ್ಪನಿಗೆ ಕ್ಷಯ ಬಂದು, ಮದ್ದು ಹಿಡಿದು, ಹೆಚ್ಚುಕಡಿಮೆ ವಾಸಿಯಾಗಿತ್ತು. ಮನೆಯ ನಾಲ್ಕು ಜನ ದೊಡ್ಡವರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಒಂದು ತಿಂಗಳು ಅವನು ಮಾತ್ರೆ ತರಲು ಹೋಗಲಿಲ್ಲ. ಆಸ್ಪತ್ರೆಯಿಂದ ಒಂದು ಕಾರ್ಡು ಬಂತು. ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದ ಹಾಗಾಗುತ್ತದೆ, ಹಾಗಾಗಿ ಬಿಟ್ಟವರನ್ನು ಬೆನ್ನು ಹತ್ತಿ ಕರೆಸುವುದು ಆ ಚಿಕಿತ್ಸೆಯದೇ ಪದ್ಧತಿ, ಒಳ್ಳೆಯ ಪದ್ಧತಿ. ಕಾರ್ಡಿನಲ್ಲಿ ಮೂರೇ ಸಾಲು: ನೀವು ಮಾತ್ರೆ ಒಯ್ದಿರುವುದಿಲ್ಲ, ಇಂಥ ತಾರೀಖಿಗೆ ಕಫ ಪರೀಕ್ಷೆಗೆ ಬರತಕ್ಕದ್ದು, ಕೆಳಗೆ ನೇರಳೆ ಬಣ್ಣದ ಮೊಹರು.

ಪೋಸ್ಟ್‌ಮ್ಯಾನ್ ಅದನ್ನು ಕಟ್ಟೆಯ ಮೇಲೆ ಕೂತು ಅಜ್ಜಿಗೆ ಓದಿ ಹೇಳಿದ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಬೀದಿಯ ಅರ್ಧ ಮನೆಗಳಿಗೆ ಅವನೇ ಕಣ್ಣು. ಅವನು ಸಣ್ಣ ದನಿಯಲ್ಲೇ ಓದಿದ, ಒಳ್ಳೆಯ ಮನುಷ್ಯ. ಅಜ್ಜಿ ಕಾರ್ಡು ಇಸಿದುಕೊಂಡು, ಬಂದ ಕಾಗದಗಳನ್ನೆಲ್ಲ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಪಡಸಾಲೆಯ ಗೂಟಕ್ಕೆ ಒಂದು ಕೊಕ್ಕೆಯ ತಂತಿ ನೇತಾಡುತ್ತಿತ್ತು. ಹಳೆಯವರಿಗೆ ಗೊತ್ತಿರುತ್ತದೆ, ಮನೆಯಲ್ಲೂ ಅಂಗಡಿಯಲ್ಲೂ ಕಾಗದ, ಬಿಲ್ಲು, ಲಗ್ನಪತ್ರಿಕೆ ಎಲ್ಲವನ್ನೂ ಅದಕ್ಕೆ ಚುಚ್ಚಿ ಇಡುತ್ತಿದ್ದರು. ಕಾರ್ಡಿನ ನಟ್ಟನಡುವೆ ತೂತು ಬಿತ್ತು. ಅದರ ಮೇಲೆ ಕರೆಂಟಿನ ಬಿಲ್ಲೊಂದು, ಅದರ ಮೇಲೆ ಇನ್ನೇನೋ.

ತಿಂಗಳೊಪ್ಪತ್ತಿನಲ್ಲಿ ಹೊಳಲ್ಕೆರೆ ಕಡೆಯಿಂದ ಹೆಣ್ಣಿನವರು ಮನೆ ನೋಡಲು ಬಂದರು. ಕಾಫಿ ಬರುವ ತನಕ ಹೆಣ್ಣಿನ ಸೋದರಮಾವನಿಗೆ ಕೈಗೆ ಕೆಲಸವಿಲ್ಲ. ಎದ್ದು ನಿಂತು, ಕ್ಯಾಲೆಂಡರ್ ನೋಡಿ, ಗೋಡೆಯ ಫೋಟೋ ನೋಡಿ, ತಂತಿಯ ಕಾಗದಗಳನ್ನು ಒಂದೊಂದಾಗಿ ಮೇಲೆತ್ತಿ ನೋಡತೊಡಗಿದರು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಒಂದು ಕಾರ್ಡಿನ ಮೇಲೆ ಅವರ ಬೆರಳು ನಿಂತಿತು, ತೂತಿನ ಪಕ್ಕದಲ್ಲೇ. ಅವರು ಅದನ್ನು ಹಾಗೇ ಕೆಳಗೆ ಬಿಟ್ಟು ಬಂದು ಕೂತು, ಕಾಫಿ ಕುಡಿದು, ಚೆನ್ನಾಗಿ ಮಾತಾಡಿ ಹೋದರು. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ಯಾಕೆ ಅಂತ ನಮ್ಮವರು ಹೇಳಿ ಕಳಿಸಿ ಕೇಳಿದರು. ಜಾತಕ ಕೂಡಲಿಲ್ಲ ಅಂದರಂತೆ. ನಾನು ನೋಡಿದ್ದನ್ನು ಯಾರಿಗೂ ಹೇಳಲಿಲ್ಲ, ಅದು ಏನೆಂದು ನನಗೆ ಅರ್ಥವಾದದ್ದೇ ಬಹಳ ವರ್ಷದ ಮೇಲೆ. ಚಿಕ್ಕಪ್ಪ ಮದುವೆಯಾದದ್ದು ಇನ್ನೂ ಏಳು ವರ್ಷಕ್ಕೆ. ಈಗ ಅವನಿಲ್ಲ. ಕ್ಷಯದಿಂದ ಹೋದದ್ದಲ್ಲ.

ಇದರಲ್ಲಿ ಕೆಟ್ಟವರು ಯಾರು? ಆಸ್ಪತ್ರೆಯವರು ಅವನ ಜೀವ ಉಳಿಯಲೆಂದೇ ಬರೆದರು. ಪೋಸ್ಟ್‌ಮ್ಯಾನ್ ಉಪಕಾರವೆಂದು ಓದಿದ. ಅಜ್ಜಿ ಜೋಪಾನ ಮಾಡಿದಳು. ಸೋದರಮಾವ ಹೆಣ್ಣಿನ ಒಳಿತು ನೋಡಿದರು. ನಾಲ್ಕು ಒಳ್ಳೆಯ ಕೈ ದಾಟಿ ಒಬ್ಬನ ಬದುಕು ಏಳು ವರ್ಷ ನಿಂತಿತು. "ನಿನಗೆ ಹೇಗೆ ತಿಳಿಸೋಣಪ್ಪಾ?" ಅಂತ ಮೊದಲ ದಿನ ಒಬ್ಬರು ಕೇಳಿದ್ದರೆ, ಮಿಲ್ಲಿನ ಗೇಟಿನ ವಿಳಾಸ ಕೊಡುತ್ತಿದ್ದನೇನೋ.

ಹಾಗಂತ ಅಮೆರಿಕವನ್ನು ಹೊತ್ತು ಮೆರೆಸಲು ನಾನು ತಯಾರಿಲ್ಲ. 2017ರಲ್ಲಿ ಏಟ್ನಾ ಎಂಬ ದೊಡ್ಡ ವಿಮೆ ಕಂಪನಿ ಸುಮಾರು 12,000 ಜನರಿಗೆ ಕಿಟಕಿ ಕವರಿನಲ್ಲಿ ಕಾಗದ ಕಳಿಸಿತು. ವಿಳಾಸದ ಕೆಳಗೆ, ಕಿಟಕಿಯೊಳಗೆ, ಎಚ್.ಐ.ವಿ. ಔಷಧಿಯ ಮಾತು ಕಾಣುತ್ತಿತ್ತು. ತಮಾಷೆಯೆಂದರೆ ಆ ಕಾಗದ ಕಳಿಸಿದ್ದೇ ಹಳೆಯ ಒಂದು ಖಾಸಗಿತನದ ಮೊಕದ್ದಮೆ ರಾಜಿಯಾದ ಕಾರಣಕ್ಕೆ. ಅಂಚೆಯಲ್ಲೇ ಔಷಧಿ ತರಿಸಿಕೊಳ್ಳಬೇಕೆಂದು ಕಂಪನಿ ಹೇಳಿದರೆ ಗುಟ್ಟು ಹೊರಬೀಳುತ್ತದೆಂದು ಜನ ಕೋರ್ಟಿಗೆ ಹೋಗಿದ್ದರು, ಇನ್ನು ಹಾಗೆ ಮಾಡುವುದಿಲ್ಲ ಎಂದು ತಿಳಿಸುವ ಕಾಗದವೇ ಗುಟ್ಟನ್ನು ಹೊರಹಾಕಿತು. ಮರುವರ್ಷ ಸುಮಾರು 1 ಕೋಟಿ 70 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡರು. ಕವರನ್ನು ಮೂರು ಸಲ ಮೇಜಿಗೆ ಕುಟ್ಟುವ ಬುದ್ಧಿ ಯಾರಿಗೂ ಬಂದಿರಲಿಲ್ಲ. ನಮ್ಮ ಕ್ಲಿನಿಕ್ಕಿನಲ್ಲಿ ಕುಟ್ಟುವುದು ಶುರುವಾದದ್ದೂ ಆಮೇಲೆಯೇ.

ಅದಕ್ಕಿಂತ ದೊಡ್ಡ ತೂತು ದಿನಾ ಸೋರುತ್ತಿರುತ್ತದೆ. ಅಲ್ಲಿ ಮಕ್ಕಳು ಇಪ್ಪತ್ತಾರು ವರ್ಷದವರೆಗೂ ಅಪ್ಪ ಅಮ್ಮನ ವಿಮೆಯಲ್ಲಿ ಇರಬಹುದು. ಮಗಳು ಡಾಕ್ಟರ ಬಳಿ ಹೋಗಿಬಂದರೆ ವಿಮೆ ಕಂಪನಿಯಿಂದ ಲೆಕ್ಕದ ಕಾಗದ ಬರುತ್ತದೆ. ಯಾವ ಡಾಕ್ಟರು, ಯಾವ ತಾರೀಖು, ಯಾವ ಸೇವೆ, ಎಷ್ಟು ದುಡ್ಡು. ಸಾಮಾನ್ಯವಾಗಿ ಅದು ಹೋಗುವುದು ವಿಮೆ ಯಾರ ಹೆಸರಲ್ಲಿದೆಯೋ ಅವರಿಗೆ, ಅಂದರೆ ಅಪ್ಪನಿಗೆ. ನಾವು ಹೆಸರಿಲ್ಲದ ಕವರಿನಲ್ಲಿ ಎಷ್ಟು ಜೋಪಾನವಾಗಿ ಕಳಿಸಿದರೇನು, ನಾಲ್ಕು ವಾರದ ಮೇಲೆ ಊಟದ ಮೇಜಿಗೆ ಪೂರ್ತಿ ಪಟ್ಟಿಯೇ ಬಂದು ಬೀಳುತ್ತದೆ. ಕಾರಣ ಕೇಳಬಾರದು ಎಂಬ ಆ ಚೆಂದದ ಸಾಲು ಡಾಕ್ಟರುಗಳಿಗೆ, ಆಸ್ಪತ್ರೆಗಳಿಗೆ. ವಿಮೆ ಕಂಪನಿಯ ವಿಷಯಕ್ಕೆ ಬಂದರೆ, ಮನೆಗೆ ತಿಳಿದರೆ ನನಗೆ ಅಪಾಯವಿದೆ ಎಂದು ರೋಗಿಯೇ ಹೇಳಿಕೊಂಡರೆ ಮಾತ್ರ ಅವರು ಬಗ್ಗಲೇಬೇಕು. ನಾಚಿಕೆ, ಮುಜುಗರ ಅಪಾಯದ ಲೆಕ್ಕಕ್ಕೆ ಬರುವುದಿಲ್ಲ.

ಮತ್ತೆ ಆ ಗುಟ್ಟಿಗೆ ತೆರುವ ಬೆಲೆಯೂ ಇದೆ. ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಚಳ್ಳಕೆರೆಯ ನಿವೃತ್ತ ಮೇಷ್ಟರೊಬ್ಬರು ನಗುತ್ತಾ ಹೇಳಿದ ಮಾತು. ಅವರ ಫೋನಿನಲ್ಲಿ ಒಂದು ದನಿ ಬಂದು ಕೂತಿತ್ತಂತೆ: ಇಂಥವರಿಗೆ ಕರೆ, ಈ ನಂಬರಿಗೆ ವಾಪಸ್ ಮಾಡಿ. ಎಲ್ಲಿಂದ, ಯಾತಕ್ಕೆ ಒಂದೂ ಇಲ್ಲ. ದುಡ್ಡು ಹೊಡೆಯುವ ಮೋಸದ ಕರೆ ಇರಬೇಕೆಂದು ಮೇಷ್ಟರು ಅಳಿಸಿಬಿಟ್ಟರು. ಅದು ಹೃದಯದ ಡಾಕ್ಟರ ಆಫೀಸು. ಮುಂದಿನ ತಾರೀಖು ಸಿಕ್ಕಿದ್ದು ಆರು ವಾರಕ್ಕೆ. "ಅಷ್ಟು ಗುಟ್ಟು ಕಾಪಾಡಿದ್ರು ನೋಡಮ್ಮಾ, ನನಗೇ ಗೊತ್ತಾಗಲಿಲ್ಲ" ಅಂದರು.

ಅದೇ ಅಮ್ಮನ ಕಣ್ಣಿನ ಪೊರೆ ತೆಗೆಸಿದಾಗ ನಾನು ಒಹಾಯೊದಲ್ಲಿದ್ದೆ, ಅಣ್ಣ ಹುಬ್ಬಳ್ಳಿಗೆ ಹೋಗಿದ್ದ. ಮರುತೋರಿಕೆಯ ದಿನ ಅಮ್ಮ ಫೋನು ಎತ್ತಲಿಲ್ಲ. ಕಣ್ಣಾಸ್ಪತ್ರೆಯವರು ಪಕ್ಕದ ಕಿರಾಣಿ ಅಂಗಡಿಗೆ ಫೋನು ಹಚ್ಚಿದರು. ಅಂಗಡಿಯಣ್ಣ ತಕ್ಕಡಿಯನ್ನು ಹಾಗೇ ಬಿಟ್ಟು ಮಗನನ್ನು ಕೂರಿಸಿ, ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ತೋರಿಸಿ, ಬರುವಾಗ ಎಳನೀರು ಕುಡಿಸಿ ಬಿಟ್ಟ. ಯಾವ ಕಾನೂನಿನ ಪ್ರಕಾರ ಆ ಅಂಗಡಿಯ ನಂಬರು ಆಸ್ಪತ್ರೆಯ ಚೀಟಿಯಲ್ಲಿತ್ತು? ಅಮ್ಮನೇ ಬರೆಸಿದ್ದಳು. ಈ ಒಂದು ಮಾತನ್ನು ಓದುಗರು ಸ್ವಲ್ಪ ಹಿಡಿದಿಟ್ಟುಕೊಳ್ಳಬೇಕು, ಇದಕ್ಕೆ ಮತ್ತೆ ಬರುತ್ತೇನೆ.

ಊರಲ್ಲಿ ಈಗ ಕಾರ್ಡೂ ಇಲ್ಲ, ತಂತಿಯೂ ಇಲ್ಲ. ಅಂಚೆ ಕಚೇರಿಯಲ್ಲಿ 50 ಪೈಸೆಗೆ ಕಾರ್ಡು ಇದೆಯೆಂದು ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ತಂತಿಯ ಜಾಗಕ್ಕೆ ವಾಟ್ಸಾಪ್ ಬಂದಿದೆ. ಮನೆಗೆಲ್ಲ ಒಂದೇ ನಂಬರು, ಅಣ್ಣನದು. ಗ್ಯಾಸಿಗೂ ಅದೇ, ಬ್ಯಾಂಕಿಗೂ ಅದೇ, ಲ್ಯಾಬಿಗೂ ಅದೇ. ಅಮ್ಮನ ಮೂರು ತಿಂಗಳ ಸಕ್ಕರೆಯ ರಿಪೋರ್ಟು ಅಣ್ಣನ ಫೋನಿಗೆ ಬಂತು, 9.2. ಅವನು ಅದನ್ನು ನನಗೆ ಕಳಿಸಲು ಹೋಗಿ "ನಮ್ಮ ಮನೆ" ಗುಂಪಿಗೆ ಒತ್ತಿದ. ಗುಂಪಿನಲ್ಲಿ ಮೂವತ್ನಾಲ್ಕು ಜನ. ಡಾಕ್ಟರು ನೋಡುವ ಮೊದಲು ಹರಿಹರದ ಅತ್ತೆ ನೋಡಿ ಫೋನು ಮಾಡಿ ಆಗಿತ್ತು: "ಏನೇ, ಮಂಡಕ್ಕಿ ಮಿರ್ಚಿ ಬಿಟ್ಟಿಲ್ಲೇನೇ ಇನ್ನೂ?" ಸಕ್ಕರೆ ಕಾಯಿಲೆ ಆದ್ದರಿಂದ ನಕ್ಕೆವು. ಗರ್ಭದ ರಿಪೋರ್ಟೋ, ಮನಸ್ಸಿನ ಕಾಯಿಲೆಯ ಚೀಟಿಯೋ ಆಗಿದ್ದರೆ ಆ ಗುಂಪಿನಲ್ಲಿ ಯಾರು ನಗುತ್ತಿದ್ದರು?

ಕಾನೂನಿಗೇನೂ ನಮ್ಮಲ್ಲಿ ಬರವಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ನಿಂತಿರುವುದು ನಮ್ಮವರೇ ಒಬ್ಬರ ಹೆಸರಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿ. ಅಮೆರಿಕದಲ್ಲಿ ಕೂತು ಈ ಮಾತು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಬರಲಿ. ಅದೇ 2017ರ ಎಚ್.ಐ.ವಿ. ಕಾಯಿದೆ ರೋಗಿಯ ಒಪ್ಪಿಗೆಯಿಲ್ಲದೆ ಅವನ ಸ್ಥಿತಿಯನ್ನು ಹೊರಗೆಡಹಬಾರದು ಅನ್ನುತ್ತದೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆಯೂ ಗೋಪ್ಯತೆಯನ್ನು ಹಕ್ಕು ಅನ್ನುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆದರೆ ಹೆಸರೇ ಹೇಳುವ ಹಾಗೆ ಅದು ಡಿಜಿಟಲ್ ಮಾಹಿತಿಗೆ, ಅಥವಾ ಕಾಗದದಿಂದ ಮುಂದೆ ಕಂಪ್ಯೂಟರಿಗೆ ಏರಿಸಿದ ಮಾಹಿತಿಗೆ. ಪಿ.ಜೆ. ಬಡಾವಣೆಯ ಆ ಹುಡುಗನ ಉದ್ದನೆ ರಿಜಿಸ್ಟರು, ನೀಲಿ ಪೆನ್ನು, ಅವನ ಗಂಟಲು ಅದರ ಕೈಗೆ ಸಿಗುವುದಿಲ್ಲ. ಡಾಕ್ಟರುಗಳಿಗೆ ಅವರದೇ ಮಂಡಳಿಯ 2002ರ ನೀತಿ ನಿಯಮಗಳಿವೆ, ರೋಗಿಯ ಗುಟ್ಟು ಹೇಳಬಾರದೆಂದು. ಡಾಕ್ಟರು ಹೇಳುವುದೂ ಇಲ್ಲ. ಹೇಳುವವರು ನನ್ನಂಥವರು, ಮುಂದಿನ ಟೇಬಲ್ಲಿನವರು.

ಇನ್ನು ಅಮ್ಮನ ವಿಷಯ. ಕೇಳಿ ಒಪ್ಪಿಸಿಕೊಂಡೇ ಬರೆಯುತ್ತಿದ್ದೇನೆ. ಕಾಯಿಲೆ ಯಾವುದೆಂದು ಬರೀಬ್ಯಾಡ ಅಂದಿದ್ದಾಳೆ, ಬರೆಯುವುದಿಲ್ಲ.

ಆ ಸ್ಪೀಕರ್ ಫೋನಿನ ದಿನ ಮನೆಗೆ ಬಂದು ಅಮ್ಮನ ಮುಂದೆ ಭಾಷಣ ಮಾಡಿದೆ. ಅಲ್ಲಿ ಹಾಗೆ, ಇಲ್ಲಿ ಹೀಗೆ, ನಿಮಗ್ಯಾರಿಗೂ ಇದರ ಅರಿವೇ ಇಲ್ಲ. ಅಮ್ಮ ಅವರೆಕಾಯಿ ಬಿಡಿಸುತ್ತಾ ಕೇಳಿದಳು. ಕೊನೆಗೆ, "ನಾನೂ ಬಲಗಡೆ ಕೋಣೆಗೆ ಎರಡು ವರ್ಷ ಹೋಗಿ ಬಂದೀನಿ. ನಿನಗೆ ಗೊತ್ತಾ? ನಿಮ್ಮಣ್ಣಗೆ ಗೊತ್ತಾ?" ಅಂದಳು.

ನನಗೆ ಗೊತ್ತಿರಲಿಲ್ಲ. ಅದೇ ನರ್ಸಿಂಗ್ ಹೋಮು, ಅದೇ ಹಾಲು, ಅದೇ ಟೇಬಲ್ಲು.

ಅಮ್ಮನ ಏರ್ಪಾಡು ಹೀಗಿತ್ತು. ಬಲಗಡೆ ಕೋಣೆಯ ಆಯಾಗೆ ಅಮ್ಮ ಕೊಟ್ಟದ್ದು ಬೆಳಗ್ಗೆ ಮನೆಗೆ ಹೂವು ತರುವವಳ ನಂಬರು. ತಾರೀಖು ಹತ್ತಿರ ಬಂದಾಗ ಆಯಾ ಹೂವಿನವಳಿಗೆ ಫೋನು ಮಾಡುತ್ತಿದ್ದಳು. ಮರುದಿನ ಹೂವಿನವಳು ಸೇವಂತಿಗೆ ಅಳೆದು ಕೊಡುತ್ತಾ ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಅಮ್ಮೋರೆ, ಗುರುವಾರ ಹೂವು ಬರಂಗಿಲ್ಲ" ಅನ್ನುತ್ತಿದ್ದಳು. ಅಷ್ಟೇ. ಗುರುವಾರ ಅಮ್ಮ ದುಗ್ಗಮ್ಮನ ಗುಡಿಗೆ ಹೋಗಿ ಬರುತ್ತೇನೆಂದು ಹೊರಡುತ್ತಿದ್ದಳು. ಗುರುವಾರ ಹೂವು ಬಂದೇ ಬರುತ್ತಿತ್ತು. ಅದನ್ನು ಗಮನಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ.

"ಹೂವಿನವಳಿಗೆ ಕಾಯಿಲೆ ಗೊತ್ತಾ?"

"ಆಕಿ ಕೇಳಲಿಲ್ಲ, ನಾನು ಹೇಳಲಿಲ್ಲ" ಅಂದಳು ಅಮ್ಮ.

ಯಾಕೆ ಅಂತ ಕೇಳುವ ಹಾಗಿಲ್ಲ ಎಂಬುದನ್ನು ನಾನು ಒಹಾಯೊದ ಒಂದು ಕಾನೂನಿನ ಪುಸ್ತಕದಲ್ಲಿ ಓದಿ ಕಲಿತೆ. ಹೂವಿನವಳು ಎಲ್ಲಿ ಓದಿದಳೋ. ಕಣ್ಣಿಗೆ ಕಿರಾಣಿ ಅಂಗಡಿ, ಸಕ್ಕರೆಗೆ ಅಣ್ಣ, ಇದಕ್ಕೆ ಹೂವಿನವಳು. ಯಾವುದು ಯಾರ ಮೂಲಕ ಬರಬೇಕೆಂದು ಅಮ್ಮ ವಿಂಗಡಿಸಿ ಇಟ್ಟಿದ್ದಳು. ನಮ್ಮ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಒಬ್ಬ ರೋಗಿಗೆ ಒಂದೇ ವಿಳಾಸದ ಖಾನೆ ಇದೆ. ಎಲ್ಲಕ್ಕೂ ಒಂದೇ ಗುಟ್ಟು, ಅಥವಾ ಎಲ್ಲಕ್ಕೂ ಒಂದೇ ಬಯಲು. ನಮ್ಮ ಹೆಂಗಸರ ಲೆಕ್ಕ ಅದಕ್ಕಿಂತ ಸೂಕ್ಷ್ಮ.

ಆದರೆ ಅಮ್ಮನಿಗೆ ಆಯಾ ಪರಿಚಯವಿದ್ದಳು, ದುಡ್ಡಿತ್ತು, ಅರವತ್ತೆಂಟರ ವಯಸ್ಸಿನ ಗತ್ತಿತ್ತು. ಸೊಸೆಯಾಗಿ ಬಂದು ಎರಡು ವರ್ಷವಾದ ಹುಡುಗಿ ಯಾವ ಹೂವಿನವಳನ್ನು ಹುಡುಕಿಕೊಂಡಾಳು? ಅವಳ ನಂಬರೆಂದು ರಿಜಿಸ್ಟರಿನಲ್ಲಿ ಇರುವುದೇ ಮಾವನ ನಂಬರು. ಅಮೆರಿಕದ ಮುಚ್ಚಿದ ಕವರನ್ನು ತಂದು ಆ ಮನೆಗೆ ಹಾಕಿದರೂ ಅಷ್ಟೆ, ಮನೆಗೆ ಬಂದ ಕವರನ್ನು ಒಡೆಯುವವರು ಮಾವನೇ. ಅಲ್ಲಿಯ ಗುಟ್ಟು ಬೀದಿಯಿಂದ ಮುಚ್ಚಿಡುವುದು, ನಮ್ಮದು ಪಡಸಾಲೆಯಿಂದ ಮುಚ್ಚಿಡುವುದು. ಕವರು ಅದಕ್ಕೆ ಸಾಲದು. ಕೇಳಬೇಕು. ಅವಳು ಒಬ್ಬಳೇ ಕೋಣೆಯೊಳಗೆ ಇರುವಾಗ, ಯಾರಿಗೆ ಹೇಳೋಣ, ಏನಂತ ಹೇಳೋಣ ಅಂತ ಕೇಳಬೇಕು.

ಎರಡು ವಾರದ ಮೇಲೆ ಅಮ್ಮನ ಜೊತೆ ಮತ್ತೆ ಹೋದಾಗ ಎಡಗಡೆ ಕೋಣೆಯ ಡಾಕ್ಟರಿಗೆ ಇದನ್ನು ಹೇಳಿದೆ. ಒಳ್ಳೆಯ ಡಾಕ್ಟರು, ಅರವತ್ತು ರೋಗಿಗಳ ನಡುವೆ ನನ್ನ ಮಾತು ಕೇಳಿದರು. "ನಿಮ್ಮ ಕಡೆ ಹತ್ತು ರೋಗಿಗೆ ನಾಲ್ಕು ಜನ ಸ್ಟಾಫು. ಇಲ್ಲಿ ಒಬ್ಬನೇ ಹುಡುಗ, ಅವನೂ ಹಬ್ಬಕ್ಕೆ ಊರಿಗೆ ಹೋದರೆ ನಾನೇ ಟೋಕನ್ ಕೊಡಬೇಕು" ಅಂದರು. ಸುಳ್ಳಲ್ಲ. ಹೊಸ ಫಾರಮ್ಮು ಬೇಡ, ಕಂಪ್ಯೂಟರೂ ಬೇಡ, ಇರುವ ರಿಜಿಸ್ಟರಿನಲ್ಲೇ ಒಂದು ಗೆರೆ ಹೆಚ್ಚಿಗೆ ಎಳೆದರೆ ಸಾಕು ಅಂದೆ. ನಕ್ಕರು. ಆಗಲಿ ಅಂದರೋ ಇಲ್ಲ ಅಂದರೋ ಗೊತ್ತಾಗದಂಥ ನಗು.

ಹೊರಗೆ ಬಂದು ಹುಡುಗನಿಗೂ ಹೇಳಿದೆ. ಕೂಡಲೇ ಅವನು, "ಯಾಕ್ರೀ ಅಕ್ಕೋರೇ?" ಅಂದ.

ನಾನು ಒಹಾಯೊಗೆ ಹೊರಡುವ ಹಿಂದಿನ ದಿನ ಅಮ್ಮನ ಹೊಸ ಮಾತ್ರೆ ಚೀಟಿ ಇಸಿದುಕೊಳ್ಳಲು ಹೋದೆ. ಹಾಲು ಎಂದಿನಂತೆ ತುಂಬಿತ್ತು. ಟೇಬಲ್ಲಿನ ಮೇಲೆ ರಿಜಿಸ್ಟರು ತೆರೆದಿತ್ತು. ಬಲ ಅಂಚಿನಲ್ಲಿ ಸ್ಕೇಲಿಟ್ಟು ಎಳೆದ ಒಂದು ಹೊಸ ಗೆರೆ, ಮೇಲೆ ಕೆಂಪು ಪೆನ್ನಿನಲ್ಲಿ "ಯಾರಿಗೆ ಹೇಳ್ಬೇಕು". ಕೆಳಗೆ ಮನೆ, ಮನೆ, ಮನೆ, ಮಗ, ಮನೆ. ಆಮೇಲೆ ಒಂದು ಕಡೆ ಎರಡು ಸಾಲು ಉದ್ದ ಏನೋ ಇತ್ತು. ನಾನು ಕತ್ತು ಚಾಚಿ, ತಲೆಕೆಳಗಾದ ಅಕ್ಷರವನ್ನು ಓದಲು ನೋಡಿದೆ.

ಹುಡುಗ ಅವತ್ತಿನ ಜನತಾವಾಣಿಯನ್ನು ಎಳೆದು ರಿಜಿಸ್ಟರಿನ ಮೇಲೆ ಹೊದಿಸಿದ.

"ಅದು ನೀವು ನೋಡಂಗಿಲ್ರಿ ಅಕ್ಕೋರೇ" ಅಂದ. ಅಂದು, ಮುಂದಿನ ನಂಬರು ಒತ್ತಿದ. ಸ್ಪೀಕರ್ ಮಾತ್ರ ಆನ್ ಇತ್ತು.